ಓದುಗರ ಪ್ರಶ್ನೆ: ಸಣ್ಣ ಪಿಕಪ್, ದೊಡ್ಡ ಹೇರು

ಮಳೆ ಕಡಿಮೆಯಾಗಿ ಮನೆ ಕಟ್ಟುವ, ತೋಟಕ್ಕೆ ಮಣ್ಣು ಗೊಬ್ಬರ ಹೊಡೆಸುವ ಕೆಲಸ ಶುರುವಾಗುತ್ತಿದ್ದಂತೆ ಸಣ್ಣ ಸರಕು ಗಾಡಿಗಳ ಬಗ್ಗೆ ಪತ್ರಗಳು ಹೆಚ್ಚಾಗಿವೆ. ಒಂದೇ ಥರದವನ್ನು ಒಟ್ಟುಗೂಡಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ಮನೆ ಕಟ್ಟಿಸುತ್ತಿದ್ದೇವೆ. ಟಾಟಾ ಏಸ್ ನಮ್ಮದೇ ಇದೆ. ಟ್ರಿಪ್ಪಿಗೆ 50 ಚಿರೆಕಲ್ಲು ತರಬಹುದು, ಗಾಡಿ ಆರಾಮಾಗಿ ಎಳೆಯುತ್ತದೆ ಎನ್ನುತ್ತಾನೆ ಡ್ರೈವರ್. ಹೌದೇ? ಹೊಯ್ಗೆಯನ್ನೂ ಅದರಲ್ಲೇ ತರಬಹುದೇ?
— ಕುಮಟಾದ ಓದುಗರು

ಉತ್ತರ: ಎಳೆಯುತ್ತದೆ, ಸಂಶಯವಿಲ್ಲ. ಒಂದನೇ ಗೇರಿನಲ್ಲಿ ಇಂಜಿನ್ ಅಳತೆ ಮೀರಿದ್ದನ್ನೂ ಎಳೆದುಬಿಡುತ್ತದೆ. ಆದರೆ ಎಷ್ಟು ಹೇರಬೇಕು ಎಂದು ಇಂಜಿನ್ನನ್ನು ಕೇಳಿ ಪ್ರಯೋಜನವಿಲ್ಲ. ಅದನ್ನು ಹೇಳಬೇಕಾದ್ದು ಬ್ರೇಕು, ಟೈರು ಮತ್ತು ಹಿಂದಿನ ಆಕ್ಸಲ್. ಅವು ಮೂರೂ ಬಾಯಿ ಬಿಡುವುದು ಇಳಿಜಾರಿನಲ್ಲಿ.

ಆರ್‌ಸಿ ತೆಗೆದು ನೋಡಿ. ಅದರಲ್ಲಿ ಖಾಲಿ ತೂಕ ಮತ್ತು ಹೇರು ಸಹಿತ ಒಟ್ಟು ತೂಕ ಎರಡೂ ಇರುತ್ತವೆ. ಒಟ್ಟು ತೂಕ 1615 ಕಿಲೋ, ಖಾಲಿ ತೂಕ 865 ಕಿಲೋ ಇದೆ ಎಂದಿಟ್ಟುಕೊಳ್ಳಿ. ಉಳಿದದ್ದು 750. ಇದರಲ್ಲಿ ಡ್ರೈವರ್ ಮತ್ತು ಪಕ್ಕದವನಿಗೆ 140 ಕಳೆಯಿರಿ. ಆಮೇಲೆ ಹಾಕಿಸಿದ ಕಬ್ಬಿಣದ ಗ್ರಿಲ್, ಕ್ಯಾಬಿನ್ ಮೇಲಿನ ಕ್ಯಾರಿಯರ್ ಇದ್ದರೆ ಅವುಗಳ ತೂಕವೂ ಕಳೆಯಬೇಕು. ಅದನ್ನು ಆರ್‌ಸಿ ಬರೆದವರು ಎಣಿಸಿರುವುದಿಲ್ಲ. ಗ್ರಿಲ್ ಇಲ್ಲದಿದ್ದರೂ ಕೈಯಲ್ಲಿ ಉಳಿಯುವುದು 610 ಕಿಲೋ.

15 ಇಂಚು ಉದ್ದ, 9 ಇಂಚು ಅಗಲ, 7 ಇಂಚು ದಪ್ಪದ ಚಿರೆಕಲ್ಲು ಒಣಗಿದ್ದಾಗ ಸುಮಾರು 30 ಕಿಲೋ ತೂಗುತ್ತದೆ. ಹಾಗಾದರೆ 20 ಕಲ್ಲು. ಚಿರೆಕಲ್ಲು ತೂತು ತೂತಾಗಿರುವುದರಿಂದ ನೀರು ಕುಡಿಯುತ್ತದೆ. ಕ್ವಾರಿಯಲ್ಲಿ ಆಗಷ್ಟೇ ಕೊಯ್ದದ್ದು, ಮಳೆಯಲ್ಲಿ ನೆಂದದ್ದು ಇನ್ನೂ ಭಾರ. ಹತ್ತು ಕಲ್ಲು ತೂಗಿಸಿ ಸರಾಸರಿ ತೆಗೆದುಕೊಂಡರೆ ವಾದವೇ ಬೇಡ. ನಿಮ್ಮ ಡ್ರೈವರ್ ಹೇಳುವ 50 ಕಲ್ಲು ಎಂದರೆ ಒಂದೂವರೆ ಟನ್, ಮಿತಿಯ ಎರಡು ಪಾಲಿಗಿಂತ ಹೆಚ್ಚು.

ಹೊಯ್ಗೆಯಲ್ಲಿ ಮೋಸ ಹೋಗುವುದು ಇನ್ನೂ ಸುಲಭ. ಗಾಡಿಯ ಹಿಂದೆ ಸರಕು ತುಂಬುವ ಡಬ್ಬಿಯ ಅಳತೆ ಹೆಚ್ಚು ಕಡಿಮೆ 7 ಅಡಿ ಉದ್ದ, 5 ಅಡಿ ಅಗಲ, 1 ಅಡಿ ಎತ್ತರ, ಅಂದರೆ 35 ಘನ ಅಡಿ. ಒಣ ಹೊಯ್ಗೆ ಘನ ಅಡಿಗೆ 45 ಕಿಲೋ, ಒದ್ದೆಯಾದರೆ 50ರ ಮೇಲೆ. ಡಬ್ಬಿಯ ಅಂಚಿಗೆ ಸಮವಾಗಿ ತುಂಬಿದರೂ ಒಂದೂವರೆ ಟನ್ ದಾಟಿತು. 600 ಕಿಲೋ ಎಂದರೆ ಬರೀ 12 ಘನ ಅಡಿ, ಹರಡಿದರೆ 4 ಇಂಚು ಎತ್ತರ. ಡಬ್ಬಿಯ ಒಳಮೈಗೆ 4 ಇಂಚಿನಲ್ಲಿ ಪೇಂಟಿನ ಗೆರೆ ಎಳೆದಿಡಿ. ಜಲ್ಲಿಗೂ ಅದೇ ಗೆರೆ ನಡೆಯುತ್ತದೆ. ಸಿಮೆಂಟಿನ ಲೆಕ್ಕ ಸುಲಭ: 50 ಕಿಲೋದ ಚೀಲ, 12 ಚೀಲ. ಮನೆಯೊಂದಕ್ಕೆ ಬೇಕಾಗುವಷ್ಟು ಕಲ್ಲು ಹೊಯ್ಗೆಗೆ ಟಿಪ್ಪರ್ ಬಾಡಿಗೆ ಹಿಡಿಯುವುದೇ ಅಗ್ಗ. ಸಣ್ಣ ಗಾಡಿ ಇರಲಿ, ಕೊನೆಯ ಚಿಲ್ಲರೆ ಟ್ರಿಪ್ಪಿಗೆ.

ಪ್ರಶ್ನೆ: ಗೊಬ್ಬರ ಹೇರಿದಾಗ ಪಿಕಪ್ಪಿನ ಹಿಂಭಾಗ ಕೂತುಬಿಡುತ್ತದೆ. ಸ್ಪ್ರಿಂಗಿಗೆ ಎರಡು ಪ್ಲೇಟು ಹೆಚ್ಚಿಗೆ ಹಾಕಿಸಿದರೆ ಸರಿಹೋಗುತ್ತದೆ ಎನ್ನುತ್ತಾರೆ ಗ್ಯಾರೇಜಿನವರು. ಹಾಕಿಸಬಹುದೇ?
— ಶಿರಸಿಯ ಅಡಿಕೆ ಬೆಳೆಗಾರರು

ಉತ್ತರ: ಗಾಡಿ ಕೂರುವುದಕ್ಕೆ ಕಾರಣ ಎರಡರಲ್ಲೊಂದು. ಮಿತಿಯೊಳಗಿನ ಹೇರಿಗೇ ಕೂರುತ್ತಿದ್ದರೆ ಹಳೆಯ ಪ್ಲೇಟು ಬಾಗು ಕಳೆದುಕೊಂಡಿದೆ, ಅಥವಾ ಒಂದು ಮುರಿದಿದೆ. ಆಗ ಸೆಟ್ಟನ್ನೇ ಬದಲಿಸಿ, ಎರಡೂ ಬದಿಯದ್ದು ಒಟ್ಟಿಗೆ. ಮಿತಿ ಮೀರಿದ್ದಕ್ಕೆ ಕೂರುತ್ತಿದ್ದರೆ ಹೇರು ಜಾಸ್ತಿಯಾಗಿದೆ ಎಂದು ಗಾಡಿ ಹೇಳುತ್ತಿದೆ. ಪ್ಲೇಟು ಹಾಕಿಸಿದರೆ ಆ ಮಾತು ನಿಲ್ಲುತ್ತದೆ, ಭಾರ ಹಾಗೇ ಇರುತ್ತದೆ. ಆಕ್ಸಲ್, ವೀಲ್ ಬೇರಿಂಗ್, ಟೈರು, ಬ್ರೇಕ್ ಡ್ರಮ್ ಯಾವುದೂ ಬಲವಾಗಿಲ್ಲ. ಮೊದಲು ಪ್ಲೇಟು ಬಾಗಿ ನುಂಗುತ್ತಿದ್ದ ಹೊಂಡದ ಏಟು ಈಗ ನೇರ ಚಾಸಿಗೆ ಹೋಗಿ, ಬ್ರಾಕೆಟ್ ಬೆಸುಗೆಯ ಹತ್ತಿರ ಬಿರುಕು ಬಿಡುತ್ತದೆ.

ಗ್ಯಾರೇಜಿನಲ್ಲಿ ಸಾಮಾನ್ಯವಾಗಿ ಯಾರೂ ಹೇಳದ ಇನ್ನೊಂದು ವಿಷಯವಿದೆ. ಹಲವು ಪಿಕಪ್ಪುಗಳಲ್ಲಿ ಹಿಂದಿನ ಆಕ್ಸಲ್ಲಿಗೂ ಚಾಸಿಗೂ ನಡುವೆ ಒಂದು ಸಣ್ಣ ಸರಳು ಹೋಗಿ ಬ್ರೇಕಿನ ವಾಲ್ವಿಗೆ ಕೂಡುತ್ತದೆ. ಮೆಕ್ಯಾನಿಕ್ಕುಗಳು ಎಲ್‌ಎಸ್‌ಪಿವಿ ಎನ್ನುವುದು ಇದಕ್ಕೇ. ಹಿಂಭಾಗ ಕೂತಷ್ಟೂ ಈ ಸರಳು ತಿರುಗಿ ಹಿಂದಿನ ಚಕ್ರಗಳಿಗೆ ಹೆಚ್ಚು ಬ್ರೇಕ್ ಒತ್ತಡ ಬಿಡುತ್ತದೆ. ಎದ್ದು ನಿಂತಿದ್ದರೆ ಗಾಡಿ ಖಾಲಿ ಎಂದು ತಿಳಿದು ಒತ್ತಡ ತಡೆಯುತ್ತದೆ. ಹೆಚ್ಚಿನ ಪ್ಲೇಟು ಹಾಕಿಸಿದ ಗಾಡಿ ತುಂಬಿದರೂ ಕೂರುವುದಿಲ್ಲ. ಹಾಗಾಗಿ ಒಂದೂವರೆ ಟನ್ ಹೇರಿನಲ್ಲೂ ಹಿಂದಿನ ಬ್ರೇಕು ಖಾಲಿ ಗಾಡಿಯ ಲೆಕ್ಕದಲ್ಲೇ ಹಿಡಿಯುತ್ತದೆ, ಮುಂದಿನ ಬ್ರೇಕಿನ ಮೇಲೆ ಎಲ್ಲ ಹೊರೆ. ಈಗಾಗಲೇ ಪ್ಲೇಟು ಹಾಕಿಸಿದ್ದರೆ ಆ ಸರಳನ್ನು ಕಂಪನಿಯ ಅಳತೆಗೆ ಹೊಂದಿಸಿಕೊಡುವವರ ಹತ್ತಿರ ಒಯ್ಯಿರಿ. ತಂತಿ ಕಟ್ಟಿ ಎಳೆದಿಡುವ ಉಪಾಯ ಬೇಡ. ಖಾಲಿ ಗಾಡಿಯಲ್ಲಿ ಮಳೆ ರಸ್ತೆಯ ಮೇಲೆ ಹಿಂಬದಿ ಜಾರಿ ಅಡ್ಡ ತಿರುಗುತ್ತದೆ.

ಪ್ಲೇಟು ಬಿಚ್ಚಿ ಹಾಕಿದ ಯಾವ ಕೆಲಸವಾದರೂ 500 ಕಿಲೋಮೀಟರ್ ಓಡಿದ ಮೇಲೆ, ಪ್ಲೇಟುಗಳನ್ನು ಆಕ್ಸಲ್ಲಿಗೆ ಬಿಗಿದಿಡುವ ಯು ಬೋಲ್ಟ್ ಮತ್ತೊಮ್ಮೆ ಬಿಗಿ ಮಾಡಿಸಿ. ಅದು ಸಡಿಲವಾದರೆ ನಡುವಿನ ಸೆಂಟರ್ ಬೋಲ್ಟ್ ತುಂಡಾಗುತ್ತದೆ, ಆಕ್ಸಲ್ ಹಿಂದೆ ಮುಂದೆ ಸರಿದು ಗಾಡಿ ಓರೆಯಾಗಿ ಓಡುತ್ತದೆ.

ಪ್ರಶ್ನೆ: ಅಡಿಕೆ ಚೀಲ ಹೇರಿಕೊಂಡು ದೇವಿಮನೆ ಘಟ್ಟ ಇಳಿಯುವಾಗ ಬ್ರೇಕಿನಿಂದ ಸುಟ್ಟ ವಾಸನೆ ಬರುತ್ತದೆ. ಒಮ್ಮೆ ಪೆಡಲ್ ತಳಕ್ಕೇ ಹೋಯಿತು. ಲೈನರ್ ಹೊಸದು. ಏನು ಕಾರಣ?
— ಶಿರಸಿ ತಾಲೂಕಿನ ಪಿಕಪ್ ಮಾಲೀಕರು

ಉತ್ತರ: ಲೈನರ್ ಹೊಸದಾದರೂ ಶಾಖ ಹಳೆಯದೇ. ಎರಡು ಟನ್ ತೂಗುವ ಗಾಡಿ 400 ಮೀಟರ್ ಎತ್ತರದಿಂದ ಬರೀ ಬ್ರೇಕಿನಲ್ಲಿ ಇಳಿದರೆ, ಬಚ್ಚಲ ಹಂಡೆಯ 25 ಲೀಟರ್ ತಣ್ಣೀರು ಕುದಿಸುವಷ್ಟು ಶಾಖ ನಾಲ್ಕು ಚಕ್ರಗಳಲ್ಲಿ ಹುಟ್ಟುತ್ತದೆ. ಇನ್ನೊಂದು ಟನ್ ಹೆಚ್ಚಿಗೆ ಹೇರಿದರೆ 37 ಲೀಟರ್. ಅದನ್ನು ಹೀರಬೇಕಾದದ್ದು ಅಂಗೈಯಗಲದ ಪ್ಯಾಡು ಮತ್ತು ಸಣ್ಣ ಡ್ರಮ್ಮು. ಆದ್ದರಿಂದ ಘಟ್ಟದಲ್ಲಿ ವೇಗ ಹಿಡಿದಿಡುವ ಕೆಲಸ ಇಂಜಿನ್ನಿನದು.

ಇಳಿಜಾರು ಶುರುವಾಗುವ ಮೊದಲೇ ಗೇರು ಇಳಿಸಿ. ಇದೇ ಹೇರಿನಲ್ಲಿ ಇದೇ ಘಟ್ಟ ಹತ್ತಲು ಯಾವ ಗೇರು ಬೇಕೋ ಇಳಿಯಲೂ ಅದೇ, ಸಾಮಾನ್ಯವಾಗಿ ಎರಡು, ಕಡಿದಾದ ತಿರುವಿನಲ್ಲಿ ಒಂದು. ಇಳಿಯುತ್ತಾ ವೇಗ ಹೆಚ್ಚಾದ ಮೇಲೆ ಗೇರು ಇಳಿಸಲು ಹೋದರೆ ಗೇರು ಕೂರದೆ ನ್ಯೂಟ್ರಲ್ಲಿನಲ್ಲಿ ಸಿಕ್ಕಿಕೊಳ್ಳುತ್ತೀರಿ; ಅಲ್ಲಿಂದ ವಾಪಸು ಬರುವುದು ಕಷ್ಟ. ಎಣ್ಣೆ ಉಳಿಸಲು ನ್ಯೂಟ್ರಲ್ ಹಾಕುವವರು, ಇಂಜಿನ್ ಆಫ್ ಮಾಡಿ ಉರುಳಿಸುವವರು ಈಗಲೂ ಇದ್ದಾರೆ. ಇಂಜಿನ್ ನಿಂತರೆ ಬ್ರೇಕ್ ಬೂಸ್ಟರಿನ ವ್ಯಾಕ್ಯೂಮ್ ಎರಡು ಮೂರು ತುಳಿತಕ್ಕೆ ಮುಗಿದು ಪೆಡಲ್ ಕಲ್ಲಾಗುತ್ತದೆ.

ಪೆಡಲ್ ಮೇಲೆ ಕಾಲಿಟ್ಟುಕೊಂಡೇ ಇಳಿಯಬೇಡಿ. ಗಾಡಿ 30ಕ್ಕೆ ಬಂದಾಗ ಗಟ್ಟಿಯಾಗಿ ತುಳಿದು 20ಕ್ಕೆ ತಂದು ಪೂರಾ ಬಿಟ್ಟುಬಿಡಿ. ಬಿಟ್ಟಷ್ಟು ಹೊತ್ತು ಡ್ರಮ್ಮಿಗೆ ಗಾಳಿ ಸಿಗುತ್ತದೆ.

ಇನ್ನು ಪೆಡಲ್ ತಳಕ್ಕೆ ಹೋದದ್ದು. ಪೆಡಲ್ ಗಟ್ಟಿಯಾಗಿದ್ದು ಗಾಡಿ ನಿಲ್ಲದಿದ್ದರೆ ಲೈನರ್ ಕಾದು ಹಿಡಿತ ಬಿಟ್ಟಿದೆ ಎಂದರ್ಥ. ಪೆಡಲ್ ಮೆತ್ತಗಾಗಿ ತಳಕ್ಕೆ ಹೋಗಿ, ತಣಿದ ಮೇಲೆ ಸರಿಯಾದರೆ ಬ್ರೇಕ್ ಆಯಿಲ್ ಕುದಿದಿದೆ. ನಿಮ್ಮದು ಬಹುಶಃ ಎರಡನೆಯದು. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಡಾಟ್ 3 ದರ್ಜೆಯ ಆಯಿಲ್ ಹೊಸದಾಗಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯದೆ ತಡೆಯಬೇಕು, ತೇವ ಹೀರಿದ ಮೇಲೆ ಈ ಮಿತಿ 140. ಡಾಟ್ 4ಕ್ಕೆ 230 ಮತ್ತು 155. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ತೇವಕ್ಕೆ ಬರಗಾಲವಿಲ್ಲ. ಎರಡು ವರ್ಷಕ್ಕೊಮ್ಮೆ, ಘಟ್ಟದಲ್ಲೇ ಓಡುವ ಗಾಡಿಗೆ ಪ್ರತಿ ಮಳೆಗಾಲ ಮುಗಿದ ಮೇಲೆ ಹಳೆಯದನ್ನು ಪೂರ್ತಿ ತೆಗೆಸಿ ಹೊಸದು ಹಾಕಿಸಿ. ಬ್ರೇಕ್ ಆಯಿಲ್ ಡಬ್ಬಿಯಲ್ಲಿ ಕಡಿಮೆಯಾದಷ್ಟು ಮೇಲಿಂದ ಸುರಿದರೆ ಚಕ್ರದ ಹತ್ತಿರದ ಹಳೆ ಆಯಿಲ್ ಅಲ್ಲೇ ಉಳಿಯುತ್ತದೆ, ಕುದಿಯುವುದು ಅದೇ. ಅರ್ಧ ಉಳಿದ, ಮುಚ್ಚಳ ತೆರೆದಿಟ್ಟ ಬಾಟಲಿ ಅಂಗಡಿಯವನ ಹತ್ತಿರ ಇದ್ದರೆ ಅಲ್ಲೇ ಇರಲಿ.

ಪೆಡಲ್ ಇಳಿದ ಗಳಿಗೆಯಲ್ಲಿ ಬೇಗ ಬೇಗ ನಾಲ್ಕಾರು ಸಲ ಪಂಪ್ ಮಾಡಿ, ಸ್ವಲ್ಪ ಮೇಲೆ ಬರುತ್ತದೆ. ಗೇರು ಬಿಡಬೇಡಿ. ಹ್ಯಾಂಡ್‌ಬ್ರೇಕನ್ನು ಒಮ್ಮೆಲೇ ಎಳೆಯದೆ ಹಂತ ಹಂತವಾಗಿ ಎಳೆಯಿರಿ. ಯಾವುದೂ ಆಗದಿದ್ದರೆ ಗುಡ್ಡದ ಬದಿಯ ಚರಂಡಿಗೆ ಚಕ್ರ ಇಳಿಸುವುದು ಕಣಿವೆಗಿಂತ ಮೇಲು.

ವಾಸನೆ ಬಂದಾಗ ನಿಲ್ಲಿಸಿ ಅರ್ಧ ಗಂಟೆ ಬಿಡಿ. ಚಕ್ರಕ್ಕೆ ಕಲ್ಲು ಕೊಟ್ಟು ಗೇರಿನಲ್ಲಿಡಿ. ಕಾದ ಡ್ರಮ್ಮಿಗೆ ನೀರು ಹೊಯ್ದರೆ ಸೀಳುತ್ತದೆ. ಮಳೆಗಾಲದಲ್ಲಿ ನಿಲ್ಲಿಸುವ ಜಾಗವನ್ನೂ ನೋಡಿಕೊಳ್ಳಬೇಕು, ಕಡಿದ ಗುಡ್ಡದ ಬುಡ ಬೇಡ. 2024ರ ಜುಲೈ 16ರಂದು ಅಂಕೋಲಾ ಬಳಿಯ ಶಿರೂರಿನಲ್ಲಿ ಗುಡ್ಡ ಕುಸಿದಾಗ ಹೆದ್ದಾರಿ ಬದಿ ನಿಂತ ವಾಹನಗಳೂ ಮಣ್ಣಿನಡಿ ಹೋದವು.

ಪ್ರಶ್ನೆ: ಸ್ಲ್ಯಾಬಿಗೆ 400 ಕಿಲೋ ಕಬ್ಬಿಣ ಬೇಕು. ತೂಕ ಮಿತಿಯೊಳಗೇ ಇದೆ. ಸಣ್ಣ ಗಾಡಿಯಲ್ಲಿ ತರಬಹುದಲ್ಲವೇ?
— ಹೊನ್ನಾವರದ ಓದುಗರು

ಉತ್ತರ: ಉದ್ದನೆಯ ಸರಳಾಗಿ ಬೇಡ. 12 ಎಂಎಂ ಸರಳಿನ ಉದ್ದ 12 ಮೀಟರ್, ತೂಕ 10.66 ಕಿಲೋ. ಅಂಗಡಿಯಲ್ಲಿ ಮಡಚಿ ಕೊಟ್ಟರೂ 6 ಮೀಟರ್, ಅಂದರೆ 20 ಅಡಿ. ನಿಮ್ಮ ಡಬ್ಬಿ 7 ಅಡಿ. ಕಟ್ಟಿನ ನಡುಭಾಗ ಹಿಂದಿನ ಆಕ್ಸಲ್ಲಿಗಿಂತ ಒಂದೂವರೆ ಮೀಟರ್ ಹಿಂದೆ ಬೀಳುತ್ತದೆ. ಮುಂದಿನ ಮತ್ತು ಹಿಂದಿನ ಚಕ್ರದ ನಡುವಿನ ಅಂತರ 2.1 ಮೀಟರ್ ಆದರೆ ಮುಂದಿನ ಚಕ್ರಗಳಿಂದ ಹತ್ತಿರ 285 ಕಿಲೋ ಎತ್ತಿದಂತಾಯಿತು. ಸ್ಟೇರಿಂಗ್ ಹಗುರವಾಗಿ ತೇಲುತ್ತದೆ, ತಿರುವಿನಲ್ಲಿ ಗಾಡಿ ನೇರ ಹೋಗುತ್ತದೆ, ಮುಂದಿನ ಬ್ರೇಕು ಹಿಡಿದರೂ ಟೈರು ಜಾರುತ್ತದೆ. ಬಾರ್ ಬೆಂಡರ್ ಹತ್ತಿರ ಅಳತೆ ಪಟ್ಟಿ ತೆಗೆದುಕೊಂಡು ಅಂಗಡಿಯಲ್ಲೇ ಕತ್ತರಿಸಿ ತನ್ನಿ. ಉದ್ದ ಬೇಕಾದವನ್ನು ಉದ್ದ ಬಾಡಿಯ ಲಾರಿಗೆ ಬಿಡಿ.

ಯಾವುದೇ ಹೇರಿಗೂ ನಿಯಮ ಇದೇ: ಭಾರದ್ದು ತಳದಲ್ಲಿ, ಕ್ಯಾಬಿನ್ ಬದಿಯ ತಗಡಿಗೆ ಒತ್ತಿ, ನಡುವೆ ಸಂದಿಲ್ಲದಂತೆ. ಸಂದಿದ್ದರೆ ಬ್ರೇಕ್ ಹಾಕಿದಾಗ ಸರಕು ಓಡಿಬಂದು ತಗಡಿಗೆ ಗುದ್ದುತ್ತದೆ. ಹಗ್ಗವನ್ನು ಚಾಸಿಗೆ ಕೂಡಿದ ಕೊಂಡಿಗೆ ಕಟ್ಟಿ, ಬಾಗಿಲ ಚಿಲಕಕ್ಕಲ್ಲ. ಹತ್ತು ಕಿಲೋಮೀಟರ್ ಹೋದಮೇಲೆ ಇಳಿದು ಮತ್ತೆ ಬಿಗಿ ಮಾಡಿ. ಚೀಲಗಳು ಅಷ್ಟರಲ್ಲಿ ಕೂತಿರುತ್ತವೆ, ಹಗ್ಗ ಜೋತಿರುತ್ತದೆ. ತಾಡಪಾಲು ಮಳೆಗೆ, ಅದು ಸರಕು ಹಿಡಿಯುವುದಿಲ್ಲ.

ಪ್ರಶ್ನೆ: ಕಾರಿನ ಲೈಸನ್ಸಿನಲ್ಲಿ ಹಳದಿ ಬೋರ್ಡಿನ ಪಿಕಪ್ ಓಡಿಸಬಹುದೇ? ಓವರ್‌ಲೋಡಿಗೆ ದಂಡ ಎಷ್ಟು?
— ಅಂಕೋಲಾದ ಓದುಗರು

ಉತ್ತರ: ಒಟ್ಟು ತೂಕ 7500 ಕಿಲೋ ಮೀರದ ಸರಕು ವಾಹನಕ್ಕೆ ಕಾರಿಗೆ ಕೊಡುವ ಎಲ್‌ಎಂವಿ (ಲಘು ಮೋಟಾರು ವಾಹನ) ಲೈಸನ್ಸ್ ಸಾಕು ಎಂದು 2024ರ ನವೆಂಬರ್ 6ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿದೆ. 3000 ಕಿಲೋದೊಳಗಿನ ಗಾಡಿಗೆ ಪರ್ಮಿಟ್ ಬೇಡ, ಆದರೆ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಬೇಕು. ಮೋಟಾರು ವಾಹನ ಕಾಯಿದೆಯ 194ನೇ ಕಲಮಿನ ಪ್ರಕಾರ ಮಿತಿ ಮೀರಿದ ಹೇರಿಗೆ 20,000 ರೂಪಾಯಿ, ಮೇಲೆ ಹೆಚ್ಚಿನ ಪ್ರತಿ ಟನ್ನಿಗೆ 2,000. ಹೆಚ್ಚಿದ್ದನ್ನು ಇಳಿಸುವ ಖರ್ಚೂ ನಿಮ್ಮದೇ. ಬಾಡಿಯಿಂದ ಆಚೆ ಚಾಚಿದ ಸರಕಿಗೆ ಬೇರೆಯೇ 20,000.

ಪ್ರಶ್ನೆ: ಬೈತಖೋಲದಿಂದ ಮೀನು ಸಾಗಿಸುತ್ತೇವೆ. ಎರಡೇ ವರ್ಷಕ್ಕೆ ಚಾಸಿ ತುಕ್ಕು ಹಿಡಿದು ಹ್ಯಾಂಡ್‌ಬ್ರೇಕ್ ಸಿಕ್ಕಿಕೊಳ್ಳುತ್ತಿದೆ. ಹಳೇ ಇಂಜಿನ್ ಆಯಿಲ್ ಬಳಿಯಬಹುದೇ?
— ಕಾರವಾರದ ಓದುಗರು

ಉತ್ತರ: ಬಳಿಯಬೇಡಿ. ಆಯಿಲ್ ತಗುಲಿದರೆ ಪ್ಲೇಟಿನ ರಬ್ಬರ್ ಬುಷ್ ಉಬ್ಬಿ ಹಾಳಾಗುತ್ತದೆ, ಡ್ರಮ್ಮಿನೊಳಗೆ ಇಳಿದರೆ ಬ್ರೇಕೇ ಇಲ್ಲ. ತುಕ್ಕಿನ ಮೂಲ ಐಸು ಕರಗಿ ಮೀನಿನ ಉಪ್ಪಿನ ಜೊತೆ ಸೋರುವ ನೀರು. ಡಬ್ಬಿಯ ತಳಕ್ಕೆ ಶೀಟು ಹಾಸಿ, ನೀರು ಒಂದೇ ಮೂಲೆಗೆ ಬರುವಂತೆ ಮಾಡಿ, ಪೈಪಿನಿಂದ ಕ್ಯಾನಿಗೆ ಬಿಡಿ. ಇದರಿಂದ ಹಿಂದೆ ಬರುವ ಬೈಕಿನವರೂ ಜಾರುವುದಿಲ್ಲ. ದಿನದ ಕೆಲಸ ಮುಗಿದ ಕೂಡಲೇ ಸಿಹಿನೀರಿನಲ್ಲಿ ಅಡಿಭಾಗ ತೊಳೆಯಿರಿ, ಪ್ಲೇಟುಗಳ ಸಂದಿ, ಆಕ್ಸಲ್ ಮೇಲೆ ಹೋಗುವ ಬ್ರೇಕ್ ಪೈಪು ಮುಖ್ಯ. ಪ್ರೆಶರ್ ನೀರನ್ನು ಹಬ್ಬಿನ ಸೀಲಿಗೆ ನೇರ ಹಿಡಿಯಬೇಡಿ. ಬ್ರೇಕ್ ಪೈಪು ಪುಡಿಪುಡಿಯಾಗಿ ಉದುರುತ್ತಿದ್ದರೆ ಉಜ್ಜಿ ಪೇಂಟ್ ಹಚ್ಚುವುದಲ್ಲ, ಬದಲಿಸಿ.

ಹ್ಯಾಂಡ್‌ಬ್ರೇಕ್ ಸಿಕ್ಕಿಕೊಳ್ಳುವುದು ಕೇಬಲ್ಲಿನ ಕವಚದೊಳಗೆ ತುಕ್ಕು ಕೂತದ್ದರಿಂದ. ಅಲ್ಲಿ ಗ್ರೀಸು ಹೋಗುವುದಿಲ್ಲ, ಕೇಬಲ್ಲೇ ಹೊಸದು ಬೇಕು. ರಾತ್ರಿ ಸಮತಟ್ಟಿನಲ್ಲಿ ನಿಲ್ಲಿಸುವಾಗ ಹ್ಯಾಂಡ್‌ಬ್ರೇಕ್ ಎಳೆಯದೆ ಗೇರಿನಲ್ಲಿಟ್ಟು ಕಲ್ಲು ಕೊಡಿ. ಆರು ತಿಂಗಳಿಗೊಮ್ಮೆ ಡ್ರಮ್ ಬಿಚ್ಚಿಸಿ ವೀಲ್ ಸಿಲಿಂಡರ್ ನೋಡಿಸಿ. ಪಿಸ್ಟನ್ ಒಂದು ಬದಿ ಅಂಟಿಕೊಂಡಿದ್ದರೆ ಬ್ರೇಕ್ ಹಾಕಿದಾಗ ಗಾಡಿ ಇನ್ನೊಂದು ಬದಿಗೆ ಎಳೆಯುತ್ತಿರುತ್ತದೆ. ಹೇರಿನ ಲೆಕ್ಕದಲ್ಲಿ ಐಸನ್ನು ಮರೆಯಬೇಡಿ: ಕಿಲೋ ಮೀನಿಗೆ ಕಿಲೋ ಐಸು ಹಾಕುವವರ ಗಾಡಿ ಒಂದು ಟನ್ನಿನದ್ದಾದರೆ ಅದರಲ್ಲಿ ಮೀನು ಅರ್ಧ ಟನ್ನೂ ಇಲ್ಲ, ಕ್ರೇಟಿನ ತೂಕ ಬೇರೆ.

ಪ್ರಶ್ನೆ: ಹೇರು ತುಂಬಿದಾಗ ಟೈರಿಗೆ ಗಾಳಿ ಕಡಿಮೆ ಇಟ್ಟರೆ ಸಿಡಿಯುವುದಿಲ್ಲವಂತೆ, ಹೌದೇ?
— ಯಲ್ಲಾಪುರದ ಓದುಗರು

ಉತ್ತರ: ತಿರುಗುಮುರುಗು. ಗಾಳಿ ಕಡಿಮೆಯಾದರೆ ಟೈರಿನ ಪಕ್ಕೆ ಪ್ರತಿ ಸುತ್ತಿಗೂ ಮಡಚಿ ಕಾಯುತ್ತದೆ, ಒಳಗಿನ ದಾರ ಬಿಟ್ಟು ಸಿಡಿಯುತ್ತದೆ. ಬಾಗಿಲ ಹತ್ತಿರದ ಸ್ಟಿಕ್ಕರಿನಲ್ಲಿ ತುಂಬಿದ ಗಾಡಿಗೆಂದು ಬರೆದಷ್ಟು ಗಾಳಿಯನ್ನು ಬೆಳಿಗ್ಗೆ ತಣ್ಣಗಿದ್ದಾಗ ಹೊಡೆಸಿ. ಅರಬೈಲು ಘಟ್ಟ ಹತ್ತಿ ಬಂದಾಗ ಒತ್ತಡ ಏರಿದ್ದು ಕಂಡರೂ ಗಾಳಿ ಬಿಡಬೇಡಿ, ತಣಿದಾಗ ಕಡಿಮೆಯಾಗಿಬಿಡುತ್ತದೆ. ಟೈರು ಬದಲಿಸುವಾಗ ಪಕ್ಕೆಯ ಮೇಲಿನ ಲೋಡ್ ಇಂಡೆಕ್ಸ್ ನೋಡಿ: 86 ಎಂದರೆ ಒಂದು ಟೈರಿಗೆ 530 ಕಿಲೋ, 90ಕ್ಕೆ 600, 95ಕ್ಕೆ 690. ಅದೇ ಅಳತೆಯ ಕಾರಿನ ಟೈರು ಅಗ್ಗಕ್ಕೆ ಸಿಕ್ಕಿತೆಂದು ಹಾಕಿಸಿದರೆ ಈ ಸಂಖ್ಯೆಯಲ್ಲಿ ಸಿಕ್ಕಿಬೀಳುತ್ತದೆ. ಸ್ಟೆಪ್ನಿಗೂ ಇದೇ ಅನ್ವಯ.