ಅರ್ಧಕ್ಕೆ ನಿಂತ ಕ್ವಿಲ್ಟುಗಳನ್ನು ಕೌದಿಯಾಗಿ ಮುಗಿಸಿ

ಹೊಳಲ್ಕೆರೆ ಅಕ್ಕಾ, ನೀವು ನಮ್ಮ ಹೊಲಿಗೆ ಗುಂಪಿನಲ್ಲಿ ಹಾಕಿದ ಫೋಟೊಗಳನ್ನು ಒಂದೊಂದಾಗಿ ನೋಡಿದೆ. ಟ್ರಂಕಿನಲ್ಲಿ ಅರ್ಧಕ್ಕೆ ನಿಂತ ಐದು ಕ್ವಿಲ್ಟು, ಅಟ್ಟದ ಮೇಲೆ ಮೂರು ಚೀಲ ತುಂಡು ಬಟ್ಟೆ, ಜೊತೆಗೆ ಅಮ್ಮನ ಇಳಕಲ್ ಸೀರೆ. "ಯಾವುದರಿಂದ ಶುರು ಮಾಡಲಿ, ಇಲ್ಲಾ ಎಲ್ಲಾ ಹೊರಗೆ ಹಾಕಿಬಿಡಲಾ" ಅಂತ ಕೇಳಿದ್ದೀರಿ. ಹೊರಗೆ ಹಾಕಬೇಡಿ. ಐದರಲ್ಲಿ ನಾಲ್ಕು ಖಂಡಿತ ಮುಗಿಯುತ್ತವೆ. ಆದರೆ ಶುರು ಮಾಡಿದಾಗ ಮನಸ್ಸಿನಲ್ಲಿದ್ದ ರೂಪದಲ್ಲೇ ಮುಗಿಯಬೇಕು ಅನ್ನುವ ಹಟ ಬಿಡಬೇಕು, ಅಷ್ಟೇ.

ನಾನು ದಾವಣಗೆರೆಯಲ್ಲಿ ಟೈಲರಿಂಗ್ ಮಾಡುತ್ತೇನೆ, ಕೌದಿಯನ್ನೂ ಹೊಲಿಯುತ್ತೇನೆ. ನನಗೆ ತಿಳಿದ ಮಟ್ಟಿಗೆ ಕ್ವಿಲ್ಟ್ ಅರ್ಧಕ್ಕೆ ನಿಲ್ಲುವುದು ಸೋಮಾರಿತನದಿಂದ ಅಲ್ಲ. ಅದರಲ್ಲಿ ಬೇರೆ ಬೇರೆ ಕೆಲಸಗಳಿವೆ. ಮೊದಲು ತುಂಡು ಜೋಡಿಸಿ ಮೇಲಿನ ಪದರ ಮಾಡಬೇಕು. ಆಮೇಲೆ ಅಡಿಯದು, ಒಳಗಿನದು, ಮೇಲಿನದು ಅಂತ ಮೂರು ಪದರ ಹಾಸಿ ಕಚ್ಚಾ ಹೊಲಿಗೆ ಹಾಕಬೇಕು. ಆಮೇಲೆ ಇಡೀ ಹೊಲಿಗೆ, ಕೊನೆಗೆ ಅಂಚುಪಟ್ಟಿ. ಒಂದು ಕೆಲಸ ಮುಗಿದು ಇನ್ನೊಂದಕ್ಕೆ ಕೈ ಹಾಕುವ ಜಾಗದಲ್ಲೇ ಜನ ಮಡಿಚಿ ಟ್ರಂಕಿಗೆ ಇಡುತ್ತಾರೆ. ನಿಮ್ಮ ಫೋಟೊದಲ್ಲೂ ಅದೇ ಕಾಣುತ್ತೆ. ನಮ್ಮ ಕೌದಿಯಲ್ಲಿ ಈ ತೊಡಕು ಇಲ್ಲ. ಅಲ್ಲಿ ತುಂಡು ಜೋಡಿಸುವುದು, ಪದರ ಕೂಡಿಸುವುದು, ಹೊಲಿಯುವುದು ಎಲ್ಲಾ ಒಂದೇ ಸೂಜಿಯಲ್ಲಿ ಒಟ್ಟಿಗೆ ಆಗುತ್ತೆ. ಅದಕ್ಕೇ ಹೇಳುವುದು, ಕ್ವಿಲ್ಟ್ ಆಗಿ ನಿಂತಿದ್ದನ್ನು ಕೌದಿಯಾಗಿ ಮುಗಿಸಿ ಅಂತ.

ಮೊದಲು ನಿಮ್ಮ ಐದನ್ನು ನೋಡೋಣ.

ನಡುವೆ ಚಿಕ್ಕ ಚೌಕ, ಸುತ್ತ ಪಟ್ಟಿಗಳಿರುವ ಲಾಗ್ ಕ್ಯಾಬಿನ್ ಚೌಕಗಳು 20 ಆಗಿವೆ, ಡಬಲ್ ಕಾಟಿಗೆ ಬೇಕಾಗಿತ್ತು ಅಂದಿರಿ. 12 ಇಂಚಿನ ಚೌಕದಲ್ಲಿ ಡಬಲ್ ಕಾಟಿಗೆ 7 ಸಾಲು, ಸಾಲಿಗೆ 8, ಅಂದರೆ 56 ಬೇಕು. ಇನ್ನೂ 36 ಹೊಲಿಯಬೇಕು ಅಂತ ನೆನೆದರೇ ಕೈ ಓಡುವುದಿಲ್ಲ. ಇರುವ 20ನ್ನೇ 4 ಅಗಲ, 5 ಉದ್ದ ಜೋಡಿಸಿ. 48 ಇಂಚು ಅಗಲ, 60 ಇಂಚು ಉದ್ದ ಬರುತ್ತೆ. ಸುತ್ತ 6 ಇಂಚಿನ ಒಂದೇ ಬಣ್ಣದ ಪಟ್ಟಿ ಕೊಟ್ಟರೆ 60ಕ್ಕೆ 72. ಒಬ್ಬರು ಹೊದೆಯಲು ಧಾರಾಳ ಸಾಕು. ಚೌಕಗಳ ಅಳತೆ ಒಂದಕ್ಕೊಂದು ಸ್ವಲ್ಪ ಹೆಚ್ಚುಕಡಿಮೆ ಇದ್ದರೆ ಎಳೆದು ಹೊಂದಿಸಬೇಡಿ. ಎಲ್ಲಕ್ಕಿಂತ ಚಿಕ್ಕದು ಯಾವುದೋ ಆ ಅಳತೆಗೆ ಉಳಿದವನ್ನು ಕತ್ತರಿಸಿ. ಕತ್ತರಿಸುವ ಮೊದಲು ಇಸ್ತ್ರಿ ಹಾಕಿ.

ತಂಗಿ ಮಗುವಿಗೆ ಅಂತ ಮಾಡಿದ ಪುಟ್ಟದ್ದು. ಮಗು ಈಗ ಸ್ಕೂಲಿಗೆ ಹೋಗುತ್ತಿದೆ, ಇನ್ನೇನು ಪ್ರಯೋಜನ ಅಂದಿದ್ದೀರಿ. 36ಕ್ಕೆ 45 ಇದೆಯಲ್ಲ, ನಾಲ್ಕೂ ಕಡೆ 6 ಇಂಚಿನ ಪಟ್ಟಿ ಕೊಡಿ, 48ಕ್ಕೆ 57 ಆಗುತ್ತೆ. ಸ್ಕೂಲಿಗೆ ಹೋಗುವ ಮಗುವಿಗೆ ಸರಿಯಾದ ಅಳತೆ. ಐದರಲ್ಲಿ ಇದನ್ನೇ ಮೊದಲು ಕೈಗೆ ತೆಗೆದುಕೊಳ್ಳಿ. ಬೇಗ ಮುಗಿಯುತ್ತೆ, ಯಾರಿಗೆ ಕೊಡಬೇಕು ಅನ್ನುವುದೂ ಗೊತ್ತಿದೆ.

ಜೇನುಗೂಡಿನ ಥರದ ಆರು ಮೂಲೆಯ ತುಂಡುಗಳನ್ನು ಹಾಸಿಗೆ ಅಳತೆಗೆ ಬೆಳೆಸಲು ಹೋಗಬೇಡಿ. ಹೂವಿನಂತೆ ಏಳು ತುಂಡು ಕೂಡಿದ್ದನ್ನು ಹಾಗೇ ಇಟ್ಟುಕೊಂಡು, ಕೌದಿಯ ಮೇಲೆ ಅಲ್ಲಲ್ಲಿ ಕೂರಿಸಿ ಹೊಲಿಯಿರಿ. ಒಳಗಿನ ಕಾಗದವನ್ನು ಆರೂ ಕಡೆ ಜೋಡಣೆ ಆದ ತುಂಡಿನಿಂದ ಮಾತ್ರ ಮೊದಲು ತೆಗೆಯಿರಿ. ಅಂಚಿನವುಗಳದ್ದು ಕೌದಿಗೆ ಕೂರಿಸುವ ಹೊತ್ತಿಗೆ ತೆಗೆದರೆ ಸಾಕು, ಇಲ್ಲದಿದ್ದರೆ ಮಡಿಕೆ ಬಿಚ್ಚಿಕೊಳ್ಳುತ್ತೆ.

ನಾಲ್ಕನೆಯದರ ಮೇಲಿನ ಪದರ ಪೂರ್ತಿ ಆಗಿದೆ, ಪಿನ್ನು ಚುಚ್ಚಿ ಹಾಗೇ ಬಿಟ್ಟಿದ್ದೀರಿ, ಪಿನ್ನೆಲ್ಲಾ ತುಕ್ಕು ಹಿಡಿದಿವೆ. ಇವತ್ತೇ ಎಲ್ಲಾ ಪಿನ್ನು ತೆಗೆಯಿರಿ ಅಕ್ಕಾ. ಮಳೆಗಾಲ ಬಂದರೆ ಕಲೆ ಇನ್ನೂ ಆಳಕ್ಕೆ ಇಳಿಯುತ್ತೆ. ಕಲೆಗೆ ನಿಂಬೆರಸ, ಉಪ್ಪು ಸವರಿ ಬಿಸಿಲಿಗೆ ಇಟ್ಟು ತೊಳೆಯಿರಿ. ಬಿಳಿ ಬಟ್ಟೆಗೆ ಇದು ಚೆನ್ನಾಗಿ ಕೆಲಸ ಮಾಡುತ್ತೆ. ಬಣ್ಣದ ಬಟ್ಟೆಯಾದರೆ ಬಣ್ಣವೂ ತೆಳುವಾಗಬಹುದು, ಮೂಲೆಯಲ್ಲಿ ಒಮ್ಮೆ ನೋಡಿ. ಹೋಗದ ಕಲೆಯ ಮೇಲೆ ಒಂದು ತುಂಡು ಕೂರಿಸಿದರಾಯಿತು. ಹಳೆಯ ಹೊಲಿಗೆ ಗಟ್ಟಿ ಇದೆಯಾ ಅಂತಲೂ ನೋಡಿ. ಎರಡು ತುಂಡು ಕೂಡುವ ಜಾಗವನ್ನು ಎರಡೂ ಕೈಯಲ್ಲಿ ಹಿಡಿದು ಸ್ವಲ್ಪ ಎಳೆಯಿರಿ. ದಾರ ಪಟಪಟ ಕಿತ್ತರೆ ಮಷಿನ್‌ನಲ್ಲಿ ಇನ್ನೊಂದು ಸಲ ಓಡಿಸಿ.

ಐದನೆಯದು ಶಿಫಾನು, ಲೆಗ್ಗಿಂಗ್ ಬಟ್ಟೆ, ಹತ್ತಿ ಎಲ್ಲಾ ಸೇರಿಸಿ ಹೊಲಿದದ್ದು. ಅದನ್ನು ಬಿಡಿ. ಹಿಗ್ಗುವ ಬಟ್ಟೆ ಒಂದು ಕಡೆ ಎಳೆಯುತ್ತೆ, ಜಾರುವ ಬಟ್ಟೆ ಇನ್ನೊಂದು ಕಡೆ. ಎಷ್ಟು ಇಸ್ತ್ರಿ ಹಾಕಿದರೂ ಸುಕ್ಕು ಹೋಗಲ್ಲ. ಹತ್ತಿ ತುಂಡುಗಳನ್ನು ಮಾತ್ರ ಬಿಚ್ಚಿಕೊಂಡು ಉಳಿದಿದ್ದನ್ನು ದಿಂಬಿನ ಒಳಗೆ ತುಂಬಿ. ಇದರಲ್ಲಿ ಬೇಜಾರು ಪಡುವಂಥದ್ದು ಏನೂ ಇಲ್ಲ.

ಈಗ ಕೌದಿ ವಿಷಯ. ನಮ್ಮ ಕಡೆ ಮೊದಲು ಕೌದಿ ಹೊಲಿಯುವ ಹೆಣ್ಣುಮಕ್ಕಳು ಊರೂರಿಗೆ ಬರುತ್ತಿದ್ದರು. ಮನೆಯವರು ಹಳೆ ಸೀರೆ, ಪಂಚೆ ಕೊಟ್ಟರೆ ಜಗಲಿ ಮೇಲೆ ಕೂತು ಹೊಲಿದುಕೊಡುತ್ತಿದ್ದರು. ಅವರಿಗೆ ಅಳತೆಪಟ್ಟಿಯೂ ಇರಲಿಲ್ಲ, ನಕ್ಷೆಯೂ ಇರಲಿಲ್ಲ. ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಜನಾಂಗದ ಹೆಣ್ಣುಮಕ್ಕಳು ಹೊಲಿಯುವ ಕವಂದಿ ಅನ್ನುವ ಕೌದಿಯೂ ಹೀಗೇ. ಒಂದು ಮೂಲೆಯಿಂದ ಶುರು ಮಾಡಿ, ಅಂಚಿನಗುಂಟ ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬಂದು ಮುಗಿಸುತ್ತಾರೆ. ನಾಲ್ಕು ಮೂಲೆಗೆ ಬಟ್ಟೆ ತುಂಡನ್ನು ಮಡಿಚಿ ಹೂವಿನ ಹಾಗೆ ಕೂರಿಸುತ್ತಾರೆ. ಅದಿಲ್ಲದಿದ್ದರೆ ಅವರ ಲೆಕ್ಕದಲ್ಲಿ ಕವಂದಿ ಪೂರ್ತಿ ಆಗಿಲ್ಲ ಅಂತಲೇ ಅರ್ಥ.

ಮಾಡುವ ಕ್ರಮ ಹೇಳುತ್ತೇನೆ. ಒಂದು ಹಳೆ ಹತ್ತಿ ಸೀರೆ ತೆಗೆದುಕೊಳ್ಳಿ. ಐದೂವರೆ ಮೀಟರ್ ಸೀರೆಯನ್ನು ಅಡ್ಡಕ್ಕೆ ಸರಿಯಾಗಿ ಎರಡು ಮಾಡಿದರೆ ಒಂದೊಂದು ಭಾಗ ಸುಮಾರು 108 ಇಂಚು ಉದ್ದ ಬರುತ್ತೆ. ಎರಡನ್ನೂ ಉದ್ದಕ್ಕೆ ಕೂಡಿಸಿದರೆ ಅಗಲ ಹತ್ತಿರ ಹತ್ತಿರ 90 ಇಂಚು. ಸಿಂಗಲ್ ಕಾಟಿನ 60ಕ್ಕೆ 90 ಕೌದಿಗೆ ಇದೇ ಅಡಿಪದರ, ಕತ್ತರಿಸಿ ಉಳಿದಿದ್ದು ತುಂಡಿಗೆ ಆಗುತ್ತೆ. ಇಂಥದ್ದೇ ಇನ್ನೊಂದು ಸೀರೆ ಒಳಪದರಕ್ಕೆ. ನಮ್ಮ ಕಡೆಯ ಚಳಿಗೆ ಇಷ್ಟು ಸಾಕು. ಚಳ್ಳಕೆರೆ ಕಡೆಯ ಹಳೆ ಕುರಿ ಕಂಬಳಿಯನ್ನು ಒಳಗೆ ಹಾಕಲಾ ಅಂತ ಗುಂಪಿನಲ್ಲಿ ಆಗಾಗ ಕೇಳುತ್ತಾರೆ. ಬೇಡ. ಒಗೆದಾಗ ಉಣ್ಣೆ ಕುಗ್ಗುತ್ತೆ, ಮೇಲಿನ ಹತ್ತಿ ಬಟ್ಟೆ ಮುದುಡುತ್ತೆ. ಸೂಜಿ ಹಾಯಿಸುವುದೂ ಕಷ್ಟ.

ಹಾಸುವುದಕ್ಕೆ ಟೈಲ್ಸ್ ನೆಲ ಬಹಳ ಅನುಕೂಲ. ಟೈಲ್ಸಿನ ಗೆರೆಗೆ ಅಂಚನ್ನು ಹೊಂದಿಸಿದರೆ ಮೂಲೆ ಸೊಟ್ಟ ಆಗಲ್ಲ. ಅಡಿಪದರ ಉಲ್ಟಾ ಹಾಸಿ, ಅಂಚಿಗೆ ಟೇಪ್ ಅಂಟಿಸಿ, ಅದರ ಮೇಲೆ ಒಳಪದರ ಹಾಸಿ ನಡುವಿನಿಂದ ಹೊರಗೆ ಕೈಯಲ್ಲಿ ಸವರಿ. ನಡುವಿನಿಂದಲೇ ಹೊರಕ್ಕೆ ಅಂಗೈ ಅಗಲಕ್ಕೊಂದು ಸಾಲು ಉದ್ದುದ್ದ ಕಚ್ಚಾ ಹೊಲಿಗೆ ಹಾಕಿ. ನಾಲ್ಕೂ ಅಂಚನ್ನು ಒಂದಿಂಚು ಒಳಕ್ಕೆ ಮಡಿಚಿಕೊಳ್ಳಿ.

ಈಗ ಮೂಲೆಗೆ ಮೊದಲ ತುಂಡು ಇಡಿ. ಹೊರಗೆ ಕಾಣುವ ಅಂಚನ್ನು ಕಾಲು ಇಂಚು ಮಡಿಚಿ ಉಗುರಿನಿಂದ ಎಳೆಯಿರಿ, ಗೆರೆ ಬೀಳುತ್ತೆ. ಒಳಗಡೆಯ ಅಂಚನ್ನು ಮಡಿಚಬೇಡಿ, ಹಾಗೇ ಬಿಡಿ. ಅದರ ಮೇಲೆ ಮುಂದಿನ ತುಂಡಿನ ಮಡಿಚಿದ ಅಂಚು ಬಂದು ಮುಚ್ಚುತ್ತೆ. ಸೂಜಿ ಮೂರೂ ಪದರ ದಾಟಿ ಕೆಳಗೆ ಹೋಗಿ ಬಂತಾ ಅಂತ ಎಡಗೈ ಬೆರಳಿನಲ್ಲಿ ಮುಟ್ಟಿ ನೋಡುತ್ತಾ ಇರಿ. ಉದ್ದ ಸೂಜಿ ಇದ್ದರೆ ಒಂದೇ ಸಲ ನಾಲ್ಕೈದು ಹೊಲಿಗೆ ಏರಿಸಿ ಎಳೆಯಬಹುದು. ಬಲಗೈ ನಡುಬೆರಳಿಗೆ ಲೋಹದ ಟೋಪಿ ಹಾಕಿಕೊಳ್ಳಿ. ದಾರ ಹತ್ತಿಯದೇ ಇರಲಿ, ಎರಡೆಳೆ. ಮೊಳಕ್ಕಿಂತ ತುಂಬಾ ಉದ್ದ ಬೇಡ, ಗಂಟು ಬೀಳುತ್ತೆ. ಸಾಲಿನಿಂದ ಸಾಲಿಗೆ ಒಂದು ಬೆರಳಗಲ. ದಾರವನ್ನು ಬಿಗಿಯಾಗಿ ಎಳೆಯಬೇಡಿ, ಹೊಲಿದ ಜಾಗ ಮಟ್ಟಸವಾಗಿ ಕೂರುವಷ್ಟು ಸಾಕು. ಹೀಗೆ ಒಂದು ಸುತ್ತು ಮುಗಿದ ಮೇಲೆ ಅದರ ಒಳಗೆ ಇನ್ನೊಂದು ಸುತ್ತು. ಬೇಸರ ಬಂದ ದಿನ ಎಲ್ಲಿ ನಿಲ್ಲಿಸಿದರೂ ಪರವಾಗಿಲ್ಲ, ಹೊಲಿದಷ್ಟು ಭಾಗ ಪೂರ್ತಿ ಆಗಿರುತ್ತೆ. ನಿಮ್ಮ ಲಾಗ್ ಕ್ಯಾಬಿನ್ ಚೌಕಗಳನ್ನೂ ಬೇಕಾದರೆ ದೊಡ್ಡ ತುಂಡು ಅಂತಲೇ ತಿಳಿದು ಹೀಗೇ ಕೂರಿಸಬಹುದು.

ಮೂರು ಚೀಲದ ವಿಷಯಕ್ಕೆ ಬಂದರೆ, ಮೊದಲು ಹೊಸ ತುಂಡು ತರುವುದನ್ನು ನಿಲ್ಲಿಸಿ. ನಮ್ಮ ದಾವಣಗೆರೆ ಹತ್ತಿ ಗಿರಣಿಗಳಿಂದ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡಿದ್ದ ಊರು. ಈಗಲೂ ಚೌಕಿಪೇಟೆ ಕಡೆ ಹೋದರೆ ಬರಿಗೈಯಲ್ಲಿ ಬರಲು ಮನಸ್ಸಾಗಲ್ಲ. ಆದರೂ ಒಂದು ಚೀಲ ಖಾಲಿ ಆಗುವವರೆಗೆ ಬೇಡ. ಟೈಲರ್ ಅಂಗಡಿಯವರು ಸುಮ್ನೆ ಕೊಟ್ಟರೂ ಬೇಡ.

ತುಂಡುಗಳನ್ನು ಬಣ್ಣ ನೋಡಿ ವಿಂಗಡಿಸಬೇಡಿ, ಅಳತೆ ನೋಡಿ ವಿಂಗಡಿಸಿ. ಅಂಗೈಗಿಂತ ದೊಡ್ಡದು ಕೌದಿಗೆ. ಉದ್ದ ಪಟ್ಟಿಗಳು ಸುತ್ತಿನ ಅಂಚಿಗೆ ಮತ್ತು ಲಾಗ್ ಕ್ಯಾಬಿನ್ನಿಗೆ. ಬೆಂಕಿಪೊಟ್ಟಣಕ್ಕಿಂತ ಚಿಕ್ಕದ್ದು ಹೊಲಿಯಲು ಬೇಡ, ಒಳಗೆ ತುಂಬಲು ಇರಲಿ. ಚಿತ್ರದುರ್ಗದ ಗಾಳಿ ನಿಮಗೇ ಗೊತ್ತು, ಜೋಗಿಮಟ್ಟಿ ಮೇಲೆ ಗಾಳಿಯಂತ್ರ ನಿಲ್ಲಿಸಿದ್ದಾರೆ ಅಂದಮೇಲೆ ಕೇಳಬೇಕಾ. ಬಾಗಿಲಿನ ಅಗಲಕ್ಕೆ ಒಂದು ಉದ್ದ ಚೀಲ ಹೊಲಿದು, ಈ ಚೂರುಗಳನ್ನು ಗಟ್ಟಿಯಾಗಿ ತುಂಬಿ ಬಾಗಿಲ ಸಂದಿಗೆ ಇಡಿ. ಆಷಾಢದಲ್ಲಿ ಧೂಳು ಒಳಗೆ ಬರುವುದು ಎಷ್ಟೋ ಕಡಿಮೆ ಆಗುತ್ತೆ.

ಚೀಲದಲ್ಲಿ ಕುಪ್ಪಸದ ಕಣಗಳೇ ಜಾಸ್ತಿ ಕಾಣುತ್ತಿವೆ. ಉಡಿ ತುಂಬಿದಾಗ, ಮದುವೆ ಮುಂಜಿಯಲ್ಲಿ ಬಂದದ್ದು ಎಲ್ಲರ ಮನೆಯಲ್ಲೂ ಹಾಗೇ ಬಿದ್ದಿರುತ್ತೆ, ಅಲ್ವಾ? ಅದರಲ್ಲಿ ಟೂ ಬೈ ಟೂ ಹತ್ತಿಯದು ಇದ್ದರೆ ಕೌದಿಗೆ ಬಂಗಾರ. ಆದರೆ ನೋಡಲು ಒಂದೇ ಥರ ಇರುವ ಪಾಲಿಯೆಸ್ಟರ್ ಕಣವೂ ಬಹಳ. ಗೊತ್ತು ಮಾಡಿಕೊಳ್ಳಲು ಅಂಚಿನಿಂದ ನಾಲ್ಕು ಎಳೆ ಕಿತ್ತು, ಚಿಮ್ಮಟದಲ್ಲಿ ಹಿಡಿದು, ನೀರಿನ ಬಟ್ಟಲ ಮೇಲೆ ಬೆಂಕಿಕಡ್ಡಿ ತೋರಿಸಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ, ಮುಟ್ಟಿದರೆ ಪುಡಿಯಾಗುವ ಬೂದಿ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿ ಆಗುತ್ತೆ, ಬಿಸಿ ಇರುವಾಗ ಮುಟ್ಟಬೇಡಿ. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ. ಹತ್ತಿಯದು, ಪಾಲಿಯೆಸ್ಟರಿನದು ಎರಡೂ ಲಕ್ಷಣ ಬಂದರೆ ಅದು ಮಿಶ್ರಣ. ಪಾಲಿಯೆಸ್ಟರ್ ತುಂಡಿನಲ್ಲಿ ಕೈಚೀಲ ಹೊಲಿಯಿರಿ, ಬಿಸಿ ಪಾತ್ರೆ ಇಳಿಸುವ ಬಟ್ಟೆಗೆ ಮಾತ್ರ ಯಾವತ್ತೂ ಬಳಸಬೇಡಿ. ಮೊಳಕಾಲ್ಮೂರು ಸೀರೆಯ ಜರಿ ತುಂಡುಗಳೂ ಕೌದಿಗೆ ಆಗಲ್ಲ, ಜರಿ ಚುಚ್ಚುತ್ತೆ. ಹಿಂದೆ ತೆಳು ಕ್ಯಾನ್ವಾಸ್ ಇಟ್ಟು ಇಸ್ತ್ರಿಯಲ್ಲಿ ಅಂಟಿಸಿ, ಎಲೆ ಅಡಿಕೆ ಚೀಲ, ಆರತಿ ತಟ್ಟೆ ಮುಚ್ಚುವ ಬಟ್ಟೆ ಮಾಡಿ.

ಹೊಲಿಯುವ ಮೊದಲು ಎಲ್ಲವನ್ನೂ ಒಮ್ಮೆ ಒಗೆಯಿರಿ. ಕೆಂಪು, ನೀಲಿ, ಕಡು ಹಸಿರನ್ನು ಬೇರೆ ಬೇರೆ ನೆನೆಸಿ. ಒದ್ದೆ ತುಂಡನ್ನು ಬಿಳಿ ಬಟ್ಟೆ ಮೇಲಿಟ್ಟು ಇಸ್ತ್ರಿ ಒತ್ತಿದರೆ ಬಣ್ಣ ಬಿಡುತ್ತಾ ಇಲ್ಲವಾ ಗೊತ್ತಾಗುತ್ತೆ. ವಿನೆಗರ್ ಹಾಕಿದರೆ ಬಣ್ಣ ನಿಲ್ಲುತ್ತೆ ಅನ್ನುತ್ತಾರೆ, ಹತ್ತಿಯ ಬಣ್ಣಕ್ಕೆ ಅದು ಕೆಲಸ ಮಾಡಲ್ಲ. ನೀರು ತಿಳಿಯಾಗುವವರೆಗೆ ಒಗೆಯುವುದೇ ದಾರಿ. ಎಷ್ಟು ಒಗೆದರೂ ಬಿಡುತ್ತಿದ್ದರೆ ಆ ತುಂಡನ್ನು ಪಕ್ಕಕ್ಕೆ ಇಡಿ. ಗಂಜಿ ಹಾಕಿ ಮಾತ್ರ ಎತ್ತಿಡಬೇಡಿ, ಗಂಜಿಗೆ ಹುಳ ಬರುತ್ತೆ.

ಕ್ವಿಲ್ಟುಗಳ ಅಂಚಿಗೆ ಹಳೆ ಸೀರೆಯ ಬಾರ್ಡರ್ ಕತ್ತರಿಸಿಕೊಳ್ಳಿ. 60ಕ್ಕೆ 90 ಅಳತೆಗೂ ಸುತ್ತಳತೆ 300 ಇಂಚು, ಒಂದು ಸೀರೆಯ ಎರಡು ಬಾರ್ಡರ್ ಸೇರಿದರೆ 430ರ ಹತ್ತಿರ ಸಿಗುತ್ತೆ. ಮೂಲೆಗೂ ಜೋಡಣೆಗೂ ಸಾಕಾಗಿ ಮಿಗುತ್ತೆ.

ಮಗುವಿನದು ಹೊರಗಿರಲಿ, ಉಳಿದವನ್ನು ಒಂದೊಂದು ಬೇರೆ ಚೀಲಕ್ಕೆ ಹಾಕಿ, ಮೇಲೆ ಒಂದು ಚೀಟಿ ಚುಚ್ಚಿ. ಚೀಟಿಯಲ್ಲಿ ಮುಂದಿನ ಒಂದೇ ಕೆಲಸ ಬರೆಯಿರಿ. "ಅಂಚಿಗೆ ಪಟ್ಟಿ ಕತ್ತರಿಸಬೇಕು" ಅನ್ನುವಷ್ಟು. ಮತ್ತೆ ತೆಗೆದಾಗ ಎಲ್ಲಿ ನಿಲ್ಲಿಸಿದ್ದೆ ಅಂತ ಹುಡುಕುವುದರಲ್ಲೇ ಹೊತ್ತು ಹೋಗಬಾರದು. ಮಾರ್ನವಮಿಗೆ ಹಾಸಿಗೆ ಹೊದಿಕೆ ಎಲ್ಲಾ ಒಗೆಯುತ್ತೇವಲ್ಲ, ಅಷ್ಟರೊಳಗೆ ಒಂದು ಮುಗಿಸುತ್ತೇನೆ ಅಂತ ಇಟ್ಟುಕೊಳ್ಳಿ. ನಮ್ಮಲ್ಲಿ ಭದ್ರಾ ಚಾನಲ್ ದಂಡೆ ಮೇಲೆ ಆ ದಿನಗಳಲ್ಲಿ ಸಾಲುಸಾಲು ಕೌದಿ ಒಣಗುತ್ತಿರುತ್ತೆ. ಹೊಸ ಕೌದಿಯನ್ನು ಮಾತ್ರ ಮೊದಲ ಸಲ ತಣ್ಣೀರಲ್ಲಿ ಅದೊಂದನ್ನೇ ಒಗೆಯಿರಿ, ಹಿಂಡಬೇಡಿ, ಉಲ್ಟಾ ಮಾಡಿ ಒಣಹಾಕಿ.

ಇನ್ನು ಅಮ್ಮನ ಇಳಕಲ್ ಸೀರೆ. ಅದಕ್ಕೆ ಈಗಲೇ ಕತ್ತರಿ ಹಾಕಬೇಡಿ. ಇಳಕಲ್‌ನಲ್ಲಿ ಒಡಲಿನ ಎಳೆಗೆ ಸೆರಗಿನ ಎಳೆಯನ್ನು ಕೊಂಡಿ ಹಾಕಿ ಸೇರಿಸಿರುತ್ತಾರೆ. ಆ ಜಾಗಕ್ಕೆ ಕತ್ತರಿ ತಾಗಿದರೆ ಎಳೆ ಬಿಚ್ಚಿಕೊಳ್ಳುತ್ತೆ. ಒಡಲು ಹತ್ತಿಯದಾಗಿದ್ದು ಹರಿದಿದ್ದರೆ, ಕೊಂಡಿಯಿಂದ ಒಂದು ಗೇಣು ಒಡಲಿನ ಕಡೆ ಬಿಟ್ಟು, ಮೊದಲು ಮಷಿನ್‌ನಲ್ಲಿ ಎರಡು ಸಾಲು ಹೊಲಿಗೆ ಓಡಿಸಿ, ಆಮೇಲೆ ಅದರಾಚೆ ಕತ್ತರಿಸಬೇಕು. ಒಡಲು ಕೌದಿಯ ಅಡಿಪದರಕ್ಕೆ ಹೋಗಲಿ, ಸೆರಗು ಇಡಿಯಾಗಿ ಉಳಿಯಲಿ. ಸೆರಗನ್ನು ಬಿಡಿಸಿ ಹಾಸಿ, ಕೊಂಡಿ ಇರುವ ಕಡೆ ಹತ್ತಿರದಿಂದ ಒಂದು ಫೋಟೊ, ಹರಿದ ಕಡೆ ಒಂದು ಫೋಟೊ ಹಾಕಿ. ನೋಡಿ, ಎಲ್ಲಿ ಹೊಲಿಗೆ ಓಡಿಸಬೇಕು ಅಂತ ಗುರುತು ಮಾಡಿ ಕಳಿಸುತ್ತೇನೆ.