ಅಳು ಬರದಿದ್ರೆ ಕಲ್ಲುಮನಸ್ಸು ಅಂತಲ್ಲ

ಸಿಸ್ಟರ್, ಯಾದಗಿರಿ ಆಸ್ಪತ್ರೆಯ ನವಜಾತ ಶಿಶು ವಾರ್ಡಿನಾಗ ಕೂಸು ಹೋದ್ರೂ ಕಣ್ಣೀರು ಬರ್ತಿಲ್ಲ, ಮನಸ್ಸು ಕಲ್ಲಾಯ್ತೇನು ಅಂತ ಕೇಳೀರಿ. ಖಂಡಿತ ಇಲ್ರಿ. ದಿನಾ ಪರರ ನೋವು ಹೊತ್ತ ಮನಸ್ಸು ತನ್ನನ್ನ ಕಾಪಾಡಿಕೊಳ್ಳಾಕ ಹಿಂಗ ಮರಗಟ್ತದ. ಬರೀ ಮೈದಣಿವಲ್ಲ ಇದು. ಅದಕ್ಕೇ 2 ದಿನ ರಜೆ ಹಾಕಿದ್ರೂ ಹೋಗಂಗಿಲ್ಲ.

ಸಾವಾದ ಮ್ಯಾಲ ಜೊತೆಯವರಿಗೆ ವಾರ್ಡ್ ಒಪ್ಪಿಸಿ 5 ನಿಮಿಷ ಹೊರಗ ಬರ್ರಿ. 4 ಎಣಿಸ್ತಾ ಉಸಿರು ತಗೊಂಡು, 6 ಎಣಿಸ್ತಾ ಬಿಡ್ರಿ, 10 ಸಲ. ಪಾಳಿ ಮುಗಿದಾಗ ನಂಬಿಕೆಯ ಒಬ್ಬ ಸಿಸ್ಟರ್ ಮುಂದ ಆ ಕೂಸಿನ ಮಾತು ಆಡ್ರಿ. ಅವರು ಸಮಾಧಾನ ಹೇಳೋದು ಬ್ಯಾಡ, ಕೇಳಿದ್ರ ಸಾಕು. ಸತತ ರಾತ್ರಿಪಾಳಿ ಬ್ಯಾಡಂತ ಇನ್‌ಚಾರ್ಜ್‌ಗೆ ಬರೆದೇ ಕೊಡ್ರಿ, ಬಾಯಿಮಾತು ನಿಲ್ಲಂಗಿಲ್ಲ.

2 ವಾರ ನಿದ್ದಿ ಕೆಟ್ಟರ, ಡೋಸ್ ಲೆಕ್ಕ ತಪ್ಪಾಕ ಹತ್ತಿದ್ರ ತಡ ಮಾಡಬ್ಯಾಡ್ರಿ. ಸರ್ಕಾರದ ಮನೋಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕ ಫೋನ್ ಮಾಡ್ರಿ, ಕನ್ನಡದಾಗೇ ಮಾತಾಡ್ತಾರ, ಉಚಿತ, ರಾತ್ರಿನೂ ಎತ್ತುತಾರ.