ಪ್ರಬಂಧಗಳ ಸಂಖ್ಯೆ ಮತ್ತು ತಂದೆಯವರ ಮೊಣಕಾಲು

ಪ್ರಶ್ನೆ: ಈಚೆಗೆ ಶಿರಸಿಯಲ್ಲಿ ಆರೋಗ್ಯ ಉಪನ್ಯಾಸವೊಂದು ನಡೆಯಿತು. ಅತಿಥಿಗಳು ವೃದ್ಧಾಪ್ಯ ಮತ್ತು ದೈಹಿಕ ಆರೋಗ್ಯದ ಬಗ್ಗೆ 250ಕ್ಕೂ ಹೆಚ್ಚು ಸಂಶೋಧನಾ ಪ್ರಬಂಧ ಪ್ರಕಟಿಸಿದವರೆಂದು ಪರಿಚಯಿಸಲಾಯಿತು. ಎಂಬತ್ತು ದಾಟಿದವರೂ ಭಾರ ಎತ್ತುವ ವ್ಯಾಯಾಮ ಮಾಡಬೇಕೆಂದು ಅವರು ಹೇಳಿದರು. ನಮ್ಮ ತಂದೆಯವರಿಗೆ 81 ವರ್ಷ. ಸೊಪ್ಪಿನ ಹೊರೆ ಹೊತ್ತು ತೋಟದ ಸಂಕ ದಾಟುತ್ತಿದ್ದವರು ಈಗ ಜಗಲಿಯಿಂದ ಏಳುವಾಗ ಕಂಬ ಹಿಡಿಯುತ್ತಾರೆ. ಇಷ್ಟೊಂದು ಬರೆದವರ ಮಾತನ್ನು ನಂಬಬಹುದೇ?
– ಓದುಗರು, ಶಿರಸಿ ತಾಲ್ಲೂಕು

ಉತ್ತರ: ಸಲಹೆಗೆ ಒಳ್ಳೆಯ ಆಧಾರವಿದೆ. ಆದರೆ ಆ ಆಧಾರ 250 ಎಂಬ ಸಂಖ್ಯೆಯಲ್ಲಿಲ್ಲ. ವೈದ್ಯಕೀಯ ಪ್ರಬಂಧವೊಂದಕ್ಕೆ ಹತ್ತಿಪ್ಪತ್ತು ಲೇಖಕರಿರುವುದು ಸಾಮಾನ್ಯ. ಅವರಲ್ಲಿ ಮೊದಲ ಹೆಸರು ಹೆಚ್ಚಾಗಿ ಕೆಲಸ ಮಾಡಿದವರದು, ಕೊನೆಯದು ಮಾರ್ಗದರ್ಶಕರದು ಎಂಬ ರೂಢಿಯಿದೆ, ನಡುವಿನವರ ಪಾಲು ಎಷ್ಟೆಂಬುದು ಪಟ್ಟಿಯಿಂದ ತಿಳಿಯುವುದಿಲ್ಲ. ಭೌತವಿಜ್ಞಾನಿ ಹಿರ್ಷ್ 2005ರಲ್ಲಿ ಸೂಚಿಸಿದ ಎಚ್-ಸೂಚ್ಯಂಕ, ಒಬ್ಬರ ಎಷ್ಟು ಪ್ರಬಂಧಗಳು ತಲಾ ಕನಿಷ್ಠ ಅಷ್ಟೇ ಸಲ ಬೇರೆ ಪ್ರಬಂಧಗಳಲ್ಲಿ ಉಲ್ಲೇಖಗೊಂಡಿವೆ ಎಂಬುದನ್ನು ಎಣಿಸುತ್ತದೆ: ಸೂಚ್ಯಂಕ 20 ಎಂದರೆ, ತಲಾ 20 ಸಲವಾದರೂ ಉಲ್ಲೇಖಗೊಂಡ 20 ಪ್ರಬಂಧಗಳಿವೆ ಎಂದರ್ಥ. ಬರಿಯ ಸಂಖ್ಯೆಗಿಂತ ಅದು ಮೇಲು, ಆದರೆ ವರ್ಷ ಕಳೆದಂತೆ ಏರುವುದೇ ಹೊರತು ಇಳಿಯುವುದಿಲ್ಲವಾದ್ದರಿಂದ ಹಿರಿಯರಿಗೆ ತಾನಾಗಿಯೇ ಅನುಕೂಲ.

ನಾನು ನೋಡುವುದು ಬೇರೆ: ಒಂದೇ ಪ್ರಶ್ನೆಯನ್ನು ಬೆನ್ನುಹತ್ತಿ ಅವರು ಎಷ್ಟು ದೂರ ನಡೆದಿದ್ದಾರೆ, ಯಾರ ಮೇಲೆ ಪರೀಕ್ಷಿಸಿದ್ದಾರೆ, ಏನನ್ನು ಅಳೆದಿದ್ದಾರೆ. ನಿಮ್ಮ ವಿಷಯದಲ್ಲೇ ಇದಕ್ಕೆ ಸೊಗಸಾದ ಉದಾಹರಣೆಯಿದೆ. ಅಮೆರಿಕದ ಬೋಸ್ಟನ್ನಿನಲ್ಲಿ ಮರಿಯಾ ಫಿಯಟರೋನ್ ಮತ್ತು ಸಂಗಡಿಗರು ವೃದ್ಧರ ಆರೈಕೆ ಕೇಂದ್ರದಲ್ಲಿದ್ದ, ತೊಂಬತ್ತರ ಆಸುಪಾಸಿನ ಹತ್ತು ಜನರಿಗೆ ಎಂಟು ವಾರ ಕಾಲಿನ ಸ್ನಾಯುಗಳಿಗೆ ಭಾರದ ವ್ಯಾಯಾಮ ಮಾಡಿಸಿ, 1990ರಲ್ಲಿ ಫಲಿತಾಂಶ ಪ್ರಕಟಿಸಿದರು. ಪೂರೈಸಿದವರ ಕಾಲಿನ ಬಲ ಸರಾಸರಿ ಶೇ. 174ರಷ್ಟು ಹೆಚ್ಚಿತ್ತು. ಹತ್ತೇ ಜನರ ಆ ಒಂದು ಪ್ರಬಂಧ, ಮುದಿ ಸ್ನಾಯುವಿಗೆ ಇನ್ನು ಬಲ ಬಾರದು ಎಂಬ ನಂಬಿಕೆಯನ್ನೇ ಅಲುಗಾಡಿಸಿತು. ಅವರು ಅಲ್ಲಿಗೇ ನಿಲ್ಲಲಿಲ್ಲ. 1994ರಲ್ಲಿ ನೂರು ಜನರ ಮೇಲೆ ಮತ್ತೆ ಪರೀಕ್ಷಿಸಿ, ವ್ಯಾಯಾಮವಿಲ್ಲದೆ ಪೌಷ್ಟಿಕ ಪಾನೀಯವನ್ನಷ್ಟೇ ಕೊಟ್ಟರೆ ದೌರ್ಬಲ್ಯ ನೀಗದೆಂದು ತೋರಿಸಿದರು. (ಟಾನಿಕ್ ಬಾಟಲಿಗಳಿಗೆ ಹಣ ಸುರಿಯುವ ನಮ್ಮ ಮನೆಗಳಿಗೆ ಇದು ತಿಳಿಯಬೇಕು.) ಮುಂದೆ ಬೇರೊಂದು ತಂಡ 70ರಿಂದ 89 ವಯಸ್ಸಿನ 1,635 ಜನರನ್ನು ಸರಾಸರಿ ಎರಡೂವರೆ ವರ್ಷಕ್ಕೂ ಹೆಚ್ಚು ಕಾಲ ಗಮನಿಸಿ, ನಡಿಗೆಯೇ ಮುಖ್ಯವಾದ ವ್ಯಾಯಾಮದಿಂದ ನಡೆಯುವ ಶಕ್ತಿ ಕುಂದುವುದು ಕಡಿಮೆಯಾಗುತ್ತದೆಂದು 2014ರಲ್ಲಿ ವರದಿ ಮಾಡಿತು. ಉಪನ್ಯಾಸಕರ ಪಟ್ಟಿಯಲ್ಲೂ ಇಂಥ ಬೆಳವಣಿಗೆ ಕಂಡರೆ ನಾನು ಗೌರವದಿಂದ ಕಿವಿಗೊಡುತ್ತೇನೆ. ಪಬ್‌ಮೆಡ್ ಎಂಬ ಉಚಿತ ಜಾಲತಾಣದಲ್ಲಿ ಅವರ ಹೆಸರು ಹಾಕಿ ನೋಡಬಹುದು; ಹಿಂದೆಗೆದುಕೊಂಡ ಪ್ರಬಂಧಗಳಿಗೆ ಅಲ್ಲಿ ಗುರುತು ಹಾಕಿರುತ್ತಾರೆ.

ಒಂದು ಎಚ್ಚರಿಕೆ. ಆ 1,635 ಜನ ಹೆಚ್ಚಾಗಿ ಕುಳಿತೇ ದಿನ ಕಳೆಯುತ್ತಿದ್ದ ಅಮೆರಿಕನ್ನರು. ನಿಮ್ಮ ತಂದೆಯವರು ಬದುಕಿಡೀ ತೋಟದ ದರೆ ಹತ್ತಿ ಇಳಿದವರು, ಅವರ ಮೊಣಕಾಲಿನ ಸವೆತವೂ ಬೇರೆ ಬಗೆಯದಿರಬಹುದು. ನಮ್ಮ ದೇಶದ ಹಿರಿಯರ ಕುರಿತು 2017-18ರಲ್ಲಿ ನಡೆದ ‘ಲಾಸಿ’ ಸಮೀಕ್ಷೆಯ ಮೊದಲ ಸುತ್ತು 45 ದಾಟಿದವರು ಮತ್ತು ಅವರ ಸಂಗಾತಿಗಳು ಸೇರಿ 72,000ಕ್ಕೂ ಹೆಚ್ಚು ಜನರನ್ನು ಒಳಗೊಂಡಿತ್ತು, ಕೈಹಿಡಿತದ ಬಲವನ್ನೂ ನಡಿಗೆಯ ವೇಗವನ್ನೂ ಅಳೆದಿತ್ತು. ಸಂಶೋಧಕರು ಇಂಥ ಮಾಹಿತಿಯನ್ನು ಬಳಸಿದ್ದಾರೆಯೇ ಎಂದು ಕೇಳುವ ಹಕ್ಕು ಸಭಿಕರಿಗಿದೆ. ಮುಂದಿನ ಸಲ ದಯವಿಟ್ಟು ಕೇಳಿ.

ತಂದೆಯವರ ವಿಷಯದಲ್ಲಿ ಮೊದಲು ಅಂಗಳದಲ್ಲಿ ನಾಲ್ಕು ಮೀಟರ್ ಅಳೆದು ಎರಡು ಗೆರೆ ಎಳೆಯಿರಿ, ಅವರು ಎಂದಿನಂತೆ ನಡೆಯಲಿ. ಐದು ಸೆಕೆಂಡಿಗಿಂತ ಹೆಚ್ಚು ಹಿಡಿದರೆ, ಅಥವಾ ಕೈ ಊರದೆ ಕುರ್ಚಿಯಿಂದ ಏಳಲಾಗದಿದ್ದರೆ, ಅದನ್ನು ಬರೆದಿಟ್ಟುಕೊಂಡು ವೈದ್ಯರಿಗೆ ತೋರಿಸಿ. ರಕ್ತದೊತ್ತಡ, ಹೃದಯ, ಮೊಣಕಾಲುಗಳ ತಪಾಸಣೆಯಾದ ಮೇಲೆ ಫಿಸಿಯೋಥೆರಪಿಸ್ಟರ ಎದುರಿನಲ್ಲೇ ವ್ಯಾಯಾಮ ಆರಂಭವಾಗಲಿ. ಅಲ್ಲಿಯವರೆಗೆ ಸಂಕದ ಪಕ್ಕಕ್ಕೆ ಹಿಡಿದುಕೊಳ್ಳಲು ಒಂದು ಅಡಿಕೆ ದಬ್ಬೆ ಕಟ್ಟಿಸಿಡಿ.